ಕೊನೆಯ ಸಂಚಿಕೆಯ ಮೊದಲ ಪುಟ

ತೊಂದರೆ ಶುರುವಾದದ್ದು ಒಂದು ಖಾಲಿ ಪುಟದಿಂದ.

ವಾರಕ್ಕೊಮ್ಮೆ ಬರುವ, ಮೊದಲಿಂದ ಕೊನೆಯವರೆಗೆ ಬರೀ ಚಿಕ್ಕ ಚಿಕ್ಕ ಜಾಹೀರಾತುಗಳೇ ಇರುವ ಆ ಪತ್ರಿಕೆಯಲ್ಲಿ ಖಾಲಿ ಜಾಗ ಎಂಬುದನ್ನು ಹಿಂದೆ ಯಾರೂ ಕಂಡವರಲ್ಲ. ಹಳೆಯ ಮಂಚ, ಬಾಡಿಗೆಯ ಕೋಣೆ, ತಪ್ಪಿಸಿಕೊಂಡ ನಾಯಿ, ಸಿಕ್ಕಿದ ಕೊಡೆ, ಗಣಿತ ಹೇಳಿಕೊಡುವ ಮೇಷ್ಟ್ರು, ಮಾತು ಕಲಿಯದ ಗಿಳಿ ಎಲ್ಲವೂ ಬೆಳಗಿನ ಬಸ್ಸಿನಲ್ಲಿ ನಿಂತವರ ಹಾಗೆ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಊರೆಲ್ಲ ಸುತ್ತುತ್ತಿದ್ದವು. ಆಮೇಲೆ ಜನ ಮಂಚವನ್ನು ಫೋನಿನಲ್ಲೇ ಮಾರಲು, ನಾಯಿಯನ್ನು ಫೋನಿನಲ್ಲೇ ಹುಡುಕಲು ಕಲಿತರು. ಬಸ್ಸು ಖಾಲಿಯಾಗುತ್ತ ಬಂತು. ಈ ವಾರದ್ದೇ ಕೊನೆಯ ಸಂಚಿಕೆ ಎಂದು ಯಜಮಾನಿ ತೀರ್ಮಾನಿಸಿದಾಗ, ಆ ಕೊನೆಯ ಸಂಚಿಕೆಯ ಎಂಟು ಪುಟ ತುಂಬುವಷ್ಟೂ ಜಾಹೀರಾತು ಇರಲಿಲ್ಲ. ಅಕ್ಷರ ದಪ್ಪ ಮಾಡಿ, ಸಾಲುಗಳ ನಡುವೆ ಗಾಳಿಯಾಡುವಂತೆ ಬಿಟ್ಟು, ಏಳು ಪುಟವನ್ನು ಹೇಗೋ ಎಳೆದು ಪ್ರೆಸ್ಸಿಗೆ ಕಳಿಸಿದ್ದಾಯಿತು. ಮೊದಲ ಪುಟ ಮಾತ್ರ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗೆ ಉಳಿಯಿತು.

"ಮಾಮ, ಅಲ್ಲಿ ನಮ್ಮ ಪೇಪರಿನ ಚರಿತ್ರೆ ಬರೆದುಬಿಡಿ," ಎಂದಳು ಯಜಮಾನಿ. "ಅಪ್ಪ ಇದ್ದಿದ್ರೆ ಅವರೇ ಬರೀತಿದ್ರು. ಮೊದಲ ಸಂಚಿಕೆಯಿಂದ ಇರೋರು ಈಗ ನೀವೊಬ್ರೇ. ಪೂರ್ತಿ ಪುಟ ನಿಮ್ಮದು. ನಾಳೆ ಸಂಜೆ ಐದಕ್ಕೆ ಪ್ರೆಸ್ಸಿಗೆ ಹೋಗ್ಬೇಕು, ಅಷ್ಟೇ."

ಪೂರ್ತಿ ಪುಟ ಎಂಬ ಮಾತು ಕೇಳಿ ಕತ್ತರಿ ಮಾಮನ ಬಾಯಿ ಒಣಗಿತು.

ಅವನ ಕೆಲಸ ಅಂಥದ್ದು. ಮಹಡಿಯ ಮೇಲಿನ ಆ ಆಫೀಸಿನಲ್ಲಿ, ಮೆಟ್ಟಿಲು ಮುಗಿಯುವ ಕಡೆ, ಗೋಡೆಯಲ್ಲೊಂದು ಕಿಂಡಿ. ಹೊರಗೆ ಜನ, ಒಳಗೆ ಮಾಮ. ಜನ ಉದ್ದುದ್ದ ಬರೆದು ತಂದದ್ದನ್ನು ಮೂರು ಸಾಲಿಗೆ ಇಳಿಸುವುದು ಅವನ ಕಸುಬು. ಸಾಲು ಹೆಚ್ಚಿದರೆ ದರ ಹೆಚ್ಚು. ಹಾಗಾಗಿ "ಇನ್ನೂ ಸ್ವಲ್ಪ ಕತ್ತರಿಸಿ ಮಾಮ" ಎಂದು ಜನರೇ ಗೋಗರೆಯುತ್ತಿದ್ದರು. ಒಮ್ಮೆ ಒಬ್ಬ ತನ್ನ ತೀರಿಹೋದ ತಂದೆಯ ಕುರ್ಚಿಯ ಬಗ್ಗೆ ಎರಡು ಹಾಳೆ ಬರೆದು ತಂದಿದ್ದ. ತಂದೆ ಅದರಲ್ಲಿ ಕೂತು ಏನು ಓದುತ್ತಿದ್ದರು, ಯಾರನ್ನು ಬೈಯುತ್ತಿದ್ದರು, ಮಧ್ಯಾಹ್ನ ಹೇಗೆ ಗೊರಕೆ ಹೊಡೆಯುತ್ತಿದ್ದರು ಎಲ್ಲವೂ ಇತ್ತು. ಮಾಮ ಪೆನ್ನು ಆಡಿಸಿ ವಾಪಸ್ ಕೊಟ್ಟ: 'ಕೈ ಇರುವ ಕುರ್ಚಿ. ಗಟ್ಟಿಮುಟ್ಟು. ಒಬ್ಬರೇ ಬಳಸಿದ್ದು.' ಆ ಮನುಷ್ಯ ಓದಿ, ಕಣ್ಣೊರೆಸಿಕೊಂಡು, "ಎಲ್ಲಾ ಬಂತಲ್ರೀ ಇದರಲ್ಲಿ!" ಎಂದಿದ್ದ.

ಊರಿನವರ ವಾಕ್ಯಗಳನ್ನೆಲ್ಲ ಅಚ್ಚಿಗೆ ಕಳಿಸಿದವನಿಗೆ ತನ್ನದೊಂದು ವಾಕ್ಯ ಅಚ್ಚಾಗುವ ಯೋಗ ಮಾತ್ರ ಇರಲಿಲ್ಲ. ಪತ್ರಿಕೆ ಶುರು ಮಾಡಿದ ದೊಡ್ಡ ಯಜಮಾನರು ಕಿಂಡಿಯ ಮೇಲೆ ಎರಡು ನಿಯಮ ಬರೆಸಿದ್ದರು. ಒಂದು: ಐದು ಗಂಟೆಯೊಳಗೆ ಮೆಟ್ಟಿಲು ಹತ್ತಿ ಬಂದ ಜಾಹೀರಾತನ್ನು ವಾಪಸ್ ಕಳಿಸತಕ್ಕದ್ದಲ್ಲ. ಎರಡು: ಇಲ್ಲಿ ಕೆಲಸ ಮಾಡುವವರು, ಅವರ ಮನೆಯವರು ಜಾಹೀರಾತು ಕೊಡತಕ್ಕದ್ದಲ್ಲ. ಮೊದಲ ವರ್ಷ ಕೆಲಸದವರೆಲ್ಲ ತಂತಮ್ಮ ಭಾವಮೈದುನರ ಮುರುಕಲು ಸಾಮಾನುಗಳಿಂದ ಅರ್ಧ ಪತ್ರಿಕೆ ತುಂಬಿಸಿದ್ದರಿಂದ ಈ ಎರಡನೆಯದು ಹುಟ್ಟಿತ್ತು.

"ಊರಿನ ಕಾಲು ಮುರಿದ ಮಂಚಕ್ಕೆಲ್ಲ ನಿಮ್ಮ ಪೇಪರಲ್ಲಿ ಜಾಗ ಇದೆ. ನನಗೆ ಮಾತ್ರ ಇಲ್ಲ ನೋಡಿ," ಎಂದು ಮಾಮನ ಹೆಂಡತಿ ನಗುತ್ತಿದ್ದಳು. ಕಳೆದ ವರ್ಷ ಆಕೆ ತೀರಿಕೊಂಡಾಗ ಮಾಮ ಅಭ್ಯಾಸಬಲದಿಂದ ಮೂರು ಸಾಲು ಬರೆದಿದ್ದ. ಬರೆದ ಮೇಲೆ ತಲೆಯೆತ್ತಿ ನಿಯಮ ನೋಡಿದ. ಆ ಚೀಟಿಯನ್ನು ತಾನೇ ಹರಿದು ಹಾಕಿದ.

ಆದರೆ ಚರಿತ್ರೆ ಜಾಹೀರಾತಲ್ಲವಲ್ಲ. ಚರಿತ್ರೆಯಲ್ಲಿ ಆಕೆ ಬರಬಹುದು. ಬರಬಹುದೇನು, ಬರಲೇಬೇಕು. ಆ ಪತ್ರಿಕೆಯಲ್ಲಿ ಜನ ಮೊದಲು ತೆರೆಯುತ್ತಿದ್ದ ಅಂಕಣ 'ಸುಮ್ಮನೆ ಕೊಡುವುದಿದೆ'. ದುಡ್ಡಿಲ್ಲದೆ, ಬೇಕಾದವರು ಬಂದು ತೆಗೆದುಕೊಂಡು ಹೋಗಲಿ ಎಂದು ಕೊಡುವ ವಸ್ತುಗಳ ಅಂಕಣ. ಅದು ದೊಡ್ಡ ಯಜಮಾನರ ತಲೆಯಿಂದ ಬಂದದ್ದು ಎಂದು ಊರೆಲ್ಲ ನಂಬಿತ್ತು, ಅವರ ಮಗಳೂ ನಂಬಿದ್ದಳು. ನಿಜ ಗೊತ್ತಿದ್ದವನು ಭೂಮಿಯ ಮೇಲೆ ಇನ್ನು ಒಬ್ಬನೇ.

ಅದಕ್ಕೇ ಬಾಯಿ ಒಣಗಿದ್ದು.

*

ಮರುದಿನ ಬೆಳಿಗ್ಗೆ ಮಾಮ ಹಾಳೆಗಳ ಕಂತೆ ತಂದು ಪುಟದಕ್ಕನ ಮುಂದಿಟ್ಟ. ಕಂಪ್ಯೂಟರಿನಲ್ಲಿ ಪುಟ ಕಟ್ಟುವವಳಾದ್ದರಿಂದ ಎಲ್ಲರ ಬಾಯಲ್ಲೂ ಆಕೆ ಪುಟದಕ್ಕ. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳ ತಾಯಿ. ಬೆರಳು ಎಷ್ಟು ಚುರುಕೋ ನಾಲಗೆ ಅದಕ್ಕಿಂತ ಒಂದು ಕೈ ಮುಂದೆ.

"ಇಷ್ಟುದ್ದ? ನೀವಾ ಬರೆದಿದ್ದು?" ಎಂದು ಕನ್ನಡಕ ಏರಿಸಿ ಟೈಪು ಮಾಡುತ್ತ ಓದತೊಡಗಿದಳು.

ದೊಡ್ಡ ಯಜಮಾನರು ಹಳೆಯ ಬಾಗಿಲು ಕಿಟಕಿ ಮಾರುವ ವ್ಯಾಪಾರಿ. 'ಯಾರ ಹತ್ರ ಮಂಚ ಇದೆ? ಯಾರಿಗೆ ಮೇಜು ಬೇಕು?' ಎಂದು ದಿನವಿಡೀ ಕೇಳುವವರಿಗೆ ಉತ್ತರ ಹೇಳಿ ಹೇಳಿ ಗಂಟಲು ಕಟ್ಟಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿದರು. ಮೊದಲ ಸಂಚಿಕೆಗೆ ಜಾಹೀರಾತು ಸಾಲದೆ, ಯಜಮಾನರೂ ಮಾಮನೂ ಕೂತು ಕೆಲವನ್ನು ಕಟ್ಟಿದರು. 'ಮೂರು ಕಾಲಿನ ಮೇಜು ಮಾರಾಟಕ್ಕಿದೆ' ಎಂಬುದು ಮಾಮನ ಸೃಷ್ಟಿ. ಅದನ್ನು ಕೊಳ್ಳಲು ಮರುದಿನ ಬೆಳಗಾಗುವಷ್ಟರಲ್ಲಿ ಜನ ಬಾಗಿಲಲ್ಲಿ ನಿಂತಿದ್ದರು. ಮಾತು ಉಳಿಸಿಕೊಳ್ಳಲು ಯಜಮಾನರು ತಮ್ಮ ಮನೆಯ ಊಟದ ಮೇಜಿನ ಒಂದು ಕಾಲು ಗರಗಸದಿಂದ ಕೊಯ್ದು ಮಾರಬೇಕಾಯಿತು.

ಪುಟದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೊನೆಯ ಭಾಗ ಬಂತು.

ಒಂದು ದಿನ ಕಿಂಡಿಗೆ ಒಬ್ಬ ಹುಡುಗಿ ಬಂದು, ಮನೆಯಲ್ಲೊಂದು ಬೀರು ಇದೆ ಎಂದಳು.

'ಬೆಲೆ?' ಎಂದು ಕೇಳಿದ ಮಾಮ.

'ಬೆಲೆ ಇಲ್ಲ. ಬೇಕಾದವರು ತಗೊಂಡು ಹೋಗಲಿ.'

'ಬೆಲೆ ಇಲ್ಲದ್ದಕ್ಕೆ ನಮ್ಮಲ್ಲಿ ಅಂಕಣ ಇಲ್ಲ.'

'ಇಲ್ಲದಿದ್ರೆ ಮಾಡಿ. ಅದಕ್ಕೇ ಅಲ್ವಾ ಕೂತಿರೋದು?'

ಬೀರು ಒಂದೇ ವಾರದಲ್ಲಿ ಆ ಮನೆಯಿಂದ ಹೊರಗೆ ಹೋಯಿತು. ಹುಡುಗಿ ಒಂದೇ ವರ್ಷದಲ್ಲಿ ಮಾಮನ ಮನೆಯೊಳಗೆ ಬಂದಳು. ಅಂಕಣ ಉಳಿಯಿತು. ಆಮೇಲೆ ಅವಳು ಪ್ರತಿ ವಾರ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಲೆಯ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಪಾಪ, ಇವರು ಮಂಚ ಯಾಕೆ ಮಾರ್ತಿದಾರೋ, ಪಾಪ, ಆ ಗಿಳಿಗೆ ಮಾತು ಬರುತ್ತೋ ಇಲ್ವೋ.

ಪುಟದಕ್ಕನ ಬೆರಳು ಸ್ವಲ್ಪ ಹೊತ್ತು ನಿಂತಿತು. ಮೂಗು ಏರಿಸಿಕೊಂಡು, "ಚೆನ್ನಾಗಿದೆ ಮಾಮ," ಎಂದಳು. ತಕ್ಷಣ ದನಿ ಬದಲಾಯಿಸಿ, "ನನ್ನ ಹೆಸರೆಲ್ಲಿ? ಇಷ್ಟು ವರ್ಷ ನಿಮ್ಮ ಕೋಳಿಕಾಲಿನ ಅಕ್ಷರ ಓದಿ ಓದಿ ಕಣ್ಣು ಹಾಳು ಮಾಡ್ಕೊಂಡೋಳು ನಾನು. ಮೂರು ಕಾಲಿನ ಮೇಜಿಗೆ ಸಿಕ್ಕಿರೋ ಜಾಗ ನನಗಿಲ್ವಾ?" ಎಂದಳು.

ಮಾಮ ಆಕೆಗೊಂದು ಪ್ಯಾರಾ ಕೊಟ್ಟ. ಪುಟ ಭರ್ತಿಯಾಯಿತು. ಅಷ್ಟರಲ್ಲಿ ಕೆಳಗಿನ ಕಟಿಂಗ್ ಅಂಗಡಿಯವನು ಮೇಲೆ ಬಂದ. ಕಿವಿಗೆ ಬಿದ್ದದ್ದನ್ನು ಬೀದಿಗೆ ಬಿತ್ತರಿಸುವುದರಿಂದ ಅವನಿಗೆ ರೇಡಿಯೋ ಎಂದೇ ಹೆಸರು.

"ಕೊನೇ ಸಂಚಿಕೇಲಿ ನನ್ನ ಅಂಗಡಿ ವಿಷಯ ಬಂದಿದೆ ತಾನೆ?" ಎಂದ. "ನಿಮ್ಮ ಪೇಪರ್ ಅನ್ನೋ ಐಡಿಯಾ ಹುಟ್ಟಿದ್ದೇ ನಮ್ಮಪ್ಪನ ಕುರ್ಚಿ ಮೇಲೆ. ದೊಡ್ಡ ಯಜಮಾನರ ಅರ್ಧ ಮುಖಕ್ಕೆ ಸೋಪು ಹಚ್ಚಿತ್ತು, ಆಗ ಹೊಳೀತಂತೆ."

"ಅದಕ್ಕೆ ಸಾಕ್ಷಿ?"

"ಇನ್ನರ್ಧ ಮುಖ ಬೋಳಿಸಿಕೊಳ್ಳದೆ ಓಡಿಹೋದರಂತಲ್ಲ! ಆ ಅರ್ಧ ಮುಖದ ದುಡ್ಡೂ ಕೊಟ್ಟಿಲ್ಲ."

"ಪುಟ ತುಂಬಿದೆ ಮಾರಾಯ."

"ತುಂಬಿದ್ರೆ ಏನಂತೆ, ನಾನು ಜಾಹೀರಾತೇ ಕೊಡ್ತೀನಿ," ಎಂದು ರೇಡಿಯೋ ಕಿಂಡಿಯ ಹೊರಗೆ ಹೋಗಿ ನಿಂತು, ತಲೆಯ ಮೇಲಿನ ನಿಯಮಕ್ಕೆ ಬೆರಳು ತೋರಿಸಿದ. "ಮೆಟ್ಟಿಲು ಹತ್ತಿ ಬಂದಿದೀನಿ. ವಾಪಸ್ ಕಳಿಸ್ತೀರಾ?"

ಮಾಮ ಕಳಿಸಲಾರ. ಅವನು ಆ ಬೋರ್ಡಿನ ಕೆಳಗೇ ಕೂದಲು ನರೆಸಿಕೊಂಡವನು. ರೇಡಿಯೋನ ಅಂಗಡಿಗಾಗಿ ಪುಟದಕ್ಕನ ಪ್ಯಾರಾ ಅರ್ಧವಾಯಿತು. "ನನ್ನನ್ನೂ ಅರ್ಧ ಬೋಳಿಸಿ ಬಿಟ್ರಿ," ಎಂದು ಪುಟದಕ್ಕ ಮುಖ ಊದಿಸಿಕೊಂಡಳು. ಅದು ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ರೇಡಿಯೋ ಕೆಳಗಿಳಿದು ತನ್ನ ಕೆಲಸ ಶುರು ಮಾಡಿದ.

"ಇವತ್ತೇ ಕೊನೆಯಂತೆ! ಐದು ಗಂಟೆವರೆಗೆ ತಗೋತಾರಂತೆ! ಆಮೇಲೆ ಬೇಕೆಂದ್ರೂ ಸಿಗಲ್ವಂತೆ!"

*

ಬಾಗಿಲು ತೆರೆದಿದ್ದಾಗ ಇಣುಕಿಯೂ ನೋಡದ ಜನ, ಮುಚ್ಚುತ್ತದೆ ಎಂದರೆ ಒಳಗೆ ಕಾಲಿಡಲು ಓಡಿ ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು ನಿಂತಿತು.

ಮೊದಲು ಬಂದವನು ಒಬ್ಬ ದಪ್ಪ ಮನುಷ್ಯ. ಅವನ ಮನೆಯಲ್ಲೊಂದು ಭಾರಿ ಕಪಾಟು. ಬಡಗಿ ಅದನ್ನು ಕೋಣೆಯೊಳಗೇ ಮಾಡಿ ಮುಗಿಸಿದ್ದ. ಈಗ ಅದು ಬಾಗಿಲಲ್ಲಿ ಹಿಡಿಯುವುದಿಲ್ಲ.

ಮಾಮ ಪೆನ್ನು ತೆಗೆದು, "ಎರಡು ಸಾಲಲ್ಲಿ ಮುಗಿಸೋಣ. 'ದೊಡ್ಡ ಕಪಾಟು. ಕೊಂಡವರೇ ಗೋಡೆ ಒಡೆದುಕೊಳ್ಳಬೇಕು,'" ಎಂದ.

ದಪ್ಪ ಮನುಷ್ಯ ಚೀಟಿ ಕಿತ್ತುಕೊಂಡ. "ಒಂದು ಪದ ಮುಟ್ಟಬೇಡಿ! ಆ ಬಡಗಿಗೆ ಬೈದಿರೋದೆಲ್ಲ ಹಾಗೇ ಬರಲಿ. ಕೊನೇ ಸಂಚಿಕೆ ಕಣ್ರೀ ಇದು. ಇನ್ನೆಲ್ಲಿ ಬೈಯ್ಯಲಿ ನಾನು?"

ಮಾಮ ತಬ್ಬಿಬ್ಬಾದ. ಜೀವಮಾನವಿಡೀ ಕತ್ತರಿಸಿ ಎಂದು ಬೇಡಿದ ಜನ ಇವತ್ತು ಒಬ್ಬರೂ ಕತ್ತರಿಸಲು ಬಿಡುತ್ತಿಲ್ಲ. ಪುಟದಲ್ಲಿ ಕತ್ತರಿಸಬಹುದಾದದ್ದು ಒಂದೇ ಇತ್ತು: ಅವನ ಚರಿತ್ರೆ.

"ಯಾವುದು ತೆಗೀಲಿ?" ಎಂದಳು ಪುಟದಕ್ಕ ಕಂಪ್ಯೂಟರಿನ ಹಿಂದಿನಿಂದ.

"ಬಾಗಿಲು ಕಿಟಕಿ ವ್ಯಾಪಾರದ್ದು ತೆಗಿ."

ಕಪಾಟಿನ ಹಿಂದೆಯೇ ಒಬ್ಬ ಹೆಂಗಸು ಬಂದು ಜೋಡಿ ಮಂಚ ಮಾರಲು ಕೊಟ್ಟಳು. ಅವಳ ಹಿಂದಿನ ಗಂಡಸೂ ಜೋಡಿ ಮಂಚವನ್ನೇ ಕೊಟ್ಟ. ಇಬ್ಬರ ವಿಳಾಸವೂ ಒಂದೇ. ಕಿಂಡಿಯ ಮುಂದೆ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

"ಒಂದೇ ಮಂಚ ಅಲ್ವೇನಮ್ಮ? ಇಬ್ಬರಿಗೂ ಸೇರಿ ಒಂದೇ ಹಾಕೋಣ," ಎಂದ ಮಾಮ, ಆಸೆಯಿಂದ.

"ಸೇರಿ ಮಾಡೋ ಹಾಗಿದ್ರೆ ಮಂಚ ಯಾಕೆ ಮಾರ್ತಿದ್ವಿ?" ಎಂದಳು ಅವಳು. ಗಂಡಸು, "ಅದೊಂದು ಮಾತು ಸರಿಯಾಗಿ ಹೇಳಿದಳು ನೋಡಿ," ಎಂದ.

ದೊಡ್ಡ ಯಜಮಾನರ ಮೂರು ಕಾಲಿನ ಮೇಜು ಹೊರಗೆ ಹೋಯಿತು. ಅದರ ಜೊತೆ ಪುಟದಕ್ಕನ ಉಳಿದರ್ಧವೂ ಹೋಯಿತು. ಆಮೇಲೆ ಬಂದವನು ಪಕ್ಕದ ಮನೆಯವರ ಪಿಟೀಲು ಮಾರಲು ಕೊಟ್ಟ. ಅವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದ. ಕೊಳ್ಳುವವರು ಆದಷ್ಟು ದೂರದಿಂದ ಬರಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ.

ಮಾಮನಿಗೆ ಬೆವರು ಕಿತ್ತುಕೊಂಡಿತು. ಪ್ರೆಸ್ಸಿಗೆ ಫೋನು ಮಾಡಿ, "ಇನ್ನೊಂದು ಹಾಳೆ ಸೇರಿಸಕ್ಕಾಗುತ್ತಾ?" ಎಂದು ಕೇಳಿದ. "ಮುಚ್ಚೋ ಪೇಪರಿಗೆ ಹೆಚ್ಚಿಗೆ ಕಾಗದ ಯಾರು ತರಿಸಿಟ್ಟಿರ್ತಾರೆ?" ಎಂದು ಅವರು ಫೋನು ಇಟ್ಟರು. ಮಾಮ ಕಿಂಡಿಯ ಬಾಗಿಲು ಹಾಕಿ, ಮೇಜಿನ ಕೆಳಗೆ ಬಗ್ಗಿ ಕೂತ. ಊಟಕ್ಕೆ ಹೋಗಿದ್ದಾರೆಂದು ಹೇಳು ಎಂದು ಪುಟದಕ್ಕನಿಗೆ ಸನ್ನೆ ಮಾಡಿದ. ಅವಳು ಬಾಯಿ ತೆರೆಯುವ ಮೊದಲೇ ಸಂದಿನಿಂದ ರೇಡಿಯೋನ ದನಿ ಕೇಳಿತು.

"ಒಳಗೇ ಇದಾರೆ ಕಣ್ರೀ! ಚಪ್ಪಲಿ ಕಾಣಿಸ್ತಿದೆ. ಚಪ್ಪಲಿ ಒಳಗೆ ಕಾಲೂ ಇದೆ!"

ಮಾಮ ತಲೆ ಮೇಜಿಗೆ ಬಡಿಸಿಕೊಂಡು ಮೇಲೆದ್ದ. ಕಿಂಡಿಯಲ್ಲಿ ಒಬ್ಬ ಮುದುಕ ನಿಂತಿದ್ದ.

"ತುಂಬಾ ಹಿಂದೆ ನನ್ನ ನಾಯಿ ಕಳೆದುಹೋಗಿದೆ ಅಂತ ಹಾಕಿಸಿದ್ದೆ. ನೀವೇ ಬರೆದುಕೊಟ್ಟಿದ್ರಿ," ಎಂದ ಮುದುಕ. "ಆಮೇಲೆ ಎರಡೇ ದಿನಕ್ಕೆ ಅದಾಗೇ ಮನೆಗೆ ಬಂತು. ನಾನು ತಿಳಿಸಲಿಲ್ಲ. ಇವತ್ತು ಹೇಳಬೇಕು."

"ಈಗ ಹೇಳಿ ಏನು ಮಾಡ್ತೀರಿ ತಾತ? ನಾಯಿ..."

"ನಾಯಿ ಹೋಗಿ ಎಷ್ಟೋ ಕಾಲವಾಯಿತು. ಆದ್ರೆ ಓದಿದವರು ಯಾರಾದ್ರೂ ಇನ್ನೂ ಹುಡುಕ್ತಾ ಇದ್ರೆ? ಪೇಪರ್ ನಿಂತು ಹೋದ್ರೆ ಅವರಿಗೆ ಯಾರು ಹೇಳ್ತಾರೆ? ಪಾಪ, ನಿಲ್ಲಿಸಬಹುದು ಅಂತ ಹಾಕಿ."

ಮಾಮ ಬರೆದುಕೊಂಡ: 'ನಾಯಿ ಸಿಕ್ಕಿತ್ತು. ಹುಡುಕುತ್ತಿರುವವರು ನಿಲ್ಲಿಸಬಹುದು. ವಂದನೆ.' ಅವತ್ತು ಕತ್ತರಿ ಹಾಕಿಸಿಕೊಂಡ ಒಬ್ಬನೇ ಗಿರಾಕಿ ಆ ಮುದುಕ. ಮೆಟ್ಟಿಲಿಳಿಯುವಾಗ ಕೈ ಮುಗಿದ.

ಹೀಗೆ ಚರಿತ್ರೆಯಿಂದ ದೊಡ್ಡ ಯಜಮಾನರು ಹೋದರು, ಮೊದಲ ಸಂಚಿಕೆ ಹೋಯಿತು, ಹಳೆಯ ಆಫೀಸು, ಸುಟ್ಟುಹೋದ ಪ್ರೆಸ್ಸು, ಸೈಕಲ್ಲಿನಲ್ಲಿ ಪತ್ರಿಕೆ ಹಂಚುತ್ತಿದ್ದ ಕಾಲ ಎಲ್ಲವೂ ಒಂದೊಂದಾಗಿ ಜಾಗ ಬಿಟ್ಟುಕೊಟ್ಟವು. ಮಾಮ ಒಂದನ್ನೂ ಹಿಡಿದುಕೊಳ್ಳಲಿಲ್ಲ. ಮನೆಗೆ ಬೆಂಕಿ ಬಿದ್ದವನು ಪಾತ್ರೆ ಪಡಗ ಬಿಟ್ಟು ಮಗುವನ್ನು ಎತ್ತಿಕೊಳ್ಳುವ ಹಾಗೆ, ಬೀರು ಕೊಡಲು ಬಂದ ಆ ಹುಡುಗಿಯ ಭಾಗವೊಂದನ್ನು ಎದೆಗವಚಿಕೊಂಡು ಕೂತಿದ್ದ. ಅದೊಂದು ಉಳಿದರೆ ಸಾಕು.

ಐದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಬೋಳುತಲೆಯ ಒಬ್ಬ ಮನುಷ್ಯ ಒಂದು ಮರದ ಡಬ್ಬಿ ಹಿಡಿದುಕೊಂಡು ಬಂದ. ಸಾಲಿನಲ್ಲಿದ್ದವರು ಗಲಾಟೆ ಮಾಡುತ್ತಿದ್ದರೂ ಅವನು ಮಾತ್ರ ಮೆಲ್ಲಗೆ ಮಾತಾಡಿದ.

"ಚದುರಂಗದ ಮಣೆ, ಕಾಯಿಗಳು. 'ಸುಮ್ಮನೆ ಕೊಡುವುದಿದೆ' ಅಂಕಣಕ್ಕೆ."

"ಚೆನ್ನಾಗಿದೆಯಲ್ಲ. ಮಾರಬಹುದಿತ್ತು," ಎಂದ ಮಾಮ. ಮಾರಾಟವಾದರೆ ಆ ಅಂಕಣಕ್ಕೆ ಹೋಗುವುದಿಲ್ಲ. ಒಂದು ಸಾಲಿನಲ್ಲಿ ಎಲ್ಲಾದರೂ ಮೂಲೆಗೆ ತುರುಕಬಹುದು ಎಂಬುದು ಅವನ ಲೆಕ್ಕ. ಆ ಅಂಕಣ ಪುಟದಲ್ಲಿ ಇರಲೇ ಇಲ್ಲ. ಅದಕ್ಕೆ ತಲೆಬರಹ ಹಾಕಬೇಕು, ಮೇಲೊಂದು ಗೆರೆ, ಕೆಳಗೊಂದು ಗೆರೆ.

"ಎದುರು ಕೂರ್ತಿದ್ದವನು ಹೋದ," ಎಂದ ಆ ಮನುಷ್ಯ. "ಅವನ ಕೈ ಬೆವರು ಹತ್ತಿರೋ ಕಾಯಿಗಳಿಗೆ ನಾನು ಬೆಲೆ ಹೇಗೆ ಕಟ್ಟಲಿ ಹೇಳಿ. ಎಷ್ಟು ವಾರ ನಿಮ್ಮ ಪೇಪರಲ್ಲಿ ಈ ಅಂಕಣ ನೋಡಿ, ನಾನೂ ಒಂದಿನ ಏನಾದ್ರೂ ಕೊಡಬೇಕು ಅಂದ್ಕೋತಿದ್ದೆ. ಅದನ್ನ ಶುರು ಮಾಡಿದ ಪುಣ್ಯಾತ್ಮ ಯಾರೋ."

ಮಾಮ ಅವನನ್ನೇ ನೋಡಿದ. ಹೇಳಿಬಿಡಲೇ ಎನಿಸಿತು. ಬೇಡ ಎಂದುಕೊಂಡ. ನಾಳೆ ಪತ್ರಿಕೆಯಲ್ಲೇ ಓದಲಿ.

"ಎಷ್ಟು ಜಾಗ ಬೇಕು?" ಎಂದು ಒಳಗೆ ತಿರುಗಿ ಕೇಳಿದ.

ಪುಟದಕ್ಕ ಪರದೆಯ ಮೇಲೆ ಸಾಲು ಎಣಿಸಿದಳು. "ತಲೆಬರಹ, ಗೆರೆ, ಇದು... ಎಲ್ಲಾ ಸೇರಿ ನಿಮಗೆ ಮೂರು ಸಾಲು ಉಳಿಯುತ್ತೆ ಮಾಮ. ಇಲ್ಲ ಅಂದುಬಿಡಿ. ನಾನೇ ಹೋಗಿ ಹೇಳ್ಲಾ?"

"ಬೇಡ. ಅವಳ ಅಂಕಣಕ್ಕೆ ಬಂದಿರೋದನ್ನ ನಾನೇ ವಾಪಸ್ ಕಳಿಸಿದ್ರೆ ಅವಳು ಸುಮ್ಮನಿರ್ತಾಳಾ?"

ಮಾಮ ಪೆನ್ನು ತೆಗೆದುಕೊಂಡ. ಮೊದಲ ದಿನದ ಮಾತುಕತೆ ಹೊಡೆದು ಹಾಕಿದ. ಬೀರು ಹೊಡೆದು ಹಾಕಿದ. ಒಲೆ ಹೋಯಿತು, ಮಂಚ ಮಾರುವವರಿಗಾಗಿ ಅವಳು ಪಟ್ಟ ಸಂಕಟ ಹೋಯಿತು, ಗಿಳಿ ಹೋಯಿತು. ಪೆನ್ನು ಎಲ್ಲಿಯೂ ತಡೆಯಲಿಲ್ಲ. ಹತ್ತಾರು ಸಾವಿರ ಜನರ ಗೋಳಿನ ಮೇಲೆ ಪಳಗಿದ ಕೈ ಅದು. ಕೊನೆಗೆ ಪುಟದಕ್ಕನ ಮುಂದೆ ಹಾಳೆ ಇಟ್ಟ.

'ಸುಮ್ಮನೆ ಕೊಡುವುದಿದೆ ಅಂಕಣವನ್ನು ಶುರು ಮಾಡಿಸಿದ್ದು ಒಬ್ಬ ಹೆಂಗಸು.
ಆಕೆ ಪ್ರತಿ ವಾರ ಈ ಪತ್ರಿಕೆಯನ್ನು ಪೂರ್ತಿ ಓದುತ್ತಿದ್ದಳು.
ಈ ವಾರದ್ದನ್ನು ಓದುವುದಿಲ್ಲ.'

ಪುಟದಕ್ಕ ಟೈಪು ಮಾಡಿದಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಎಲ್ಲಾ ಬಂತು ಮಾಮ," ಎಂದಳು. ಮೂರು ಸಾಲು ಮೊದಲ ಪುಟದ ಕೆಳಗೆ, ಬಲಗಡೆ, ಜಾಗ ಹುಡುಕಿಕೊಂಡು ಕೂತವು. ಐದು ಹೊಡೆಯಿತು. ಮಾಮ ಎದ್ದು ಹೋಗಿ ಕಿಂಡಿಯ ಬಾಗಿಲು ಹಾಕಿ ಚಿಲಕ ಜಡಿದ. ಹೊರಗಿನ ಗದ್ದಲ ತಟ್ಟನೆ ದೂರವಾಯಿತು. ಅವನು ಗೋಡೆಗೊರಗಿ ನಿಂತು, ಆ ದಿನ ಮೊದಲ ಸಲ ಉಸಿರಾಡಿದ.

*

ಮೆಟ್ಟಿಲ ಮೇಲಿನ ಜನರನ್ನು ತಳ್ಳಿಕೊಂಡು ಯಜಮಾನಿ ಒಳಗೆ ಬಂದಳು. ಬೆಳಗ್ಗೆಯಿಂದ ಆಕೆ ಆಫೀಸಿನ ಕಟ್ಟಡ ಬಿಟ್ಟುಕೊಡುವ ಮಾತಾಡಲು ಓಡಾಡುತ್ತಿದ್ದಳು. ಕೂದಲು ಕೆದರಿತ್ತು, ಮುಖ ಮಾತ್ರ ದೀಪ ಹಚ್ಚಿದ ಹಾಗೆ ಬೆಳಗುತ್ತಿತ್ತು.

"ಮಾಮ, ಹೊರಗೆ ಇನ್ನೂ ಎಷ್ಟು ಜನ ನಿಂತಿದಾರೆ ನೋಡಿದ್ರಾ? ಬೀದಿ ತುದಿವರೆಗೂ ಇದಾರೆ!"

"ಐದಾಯಿತಮ್ಮ. ಮುಗೀತು ಅಂತ ಹೇಳಿಬಿಡು."

"ಮುಗೀತಾ? ನಾನೇನು ಹೇಳಿ ಬಂದೆ ಗೊತ್ತಾ? ಮುಂದಿನ ವಾರವೂ ಕೊನೇ ಸಂಚಿಕೆ ಇದೆ, ಆಗ ಬನ್ನಿ ಅಂದೆ. ಎಲ್ಲಾ ಚಪ್ಪಾಳೆ ತಟ್ಟಿದ್ರು! ನಡೆಯೋವರೆಗೂ ಪ್ರತಿ ವಾರ ಕೊನೇದೇ ಹಾಕೋಣ. ಕಟ್ಟಡ ಬಿಡಲ್ಲ ಅಂತ ಫೋನ್ ಮಾಡಿ ಹೇಳ್ದೆ. ಯಾರೂ ಕೆಲಸ ಬಿಟ್ಟು ಹೋಗಬೇಕಾಗಿಲ್ಲ."

ಪುಟದಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ನಿಜವಾಗ್ಲೂನಾ ಮೇಡಂ?" ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳಲಾಗದೆ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ನಾಳೆಯಿಂದ ಎಲ್ಲಿ ಕೆಲಸ ಹುಡುಕಲಿ ಎಂದು ಅವಳು ತಿಂಗಳಿಂದ ನಿದ್ದೆಗೆಟ್ಟಿದ್ದು ಮಾಮನಿಗೆ ಗೊತ್ತಿತ್ತು. ಅವನೂ ನಕ್ಕ. ನಗದಿರಲು ಸಾಧ್ಯವೇ ಇರಲಿಲ್ಲ.

"ಈಗ ಮೊದಲ ಪುಟದಲ್ಲೇ ಇದನ್ನ ಹಾಕಬೇಕು," ಎಂದು ಯಜಮಾನಿ ಪರದೆಯ ಮುಂದೆ ಬಗ್ಗಿದಳು. "ದುಡ್ಡು ಕೊಟ್ಟವರದ್ದು ಮುಟ್ಟೋ ಹಾಗಿಲ್ಲ. ಚರಿತ್ರೆ ಎಲ್ಲಿ? ಇದೇನಾ, ಈ ಮೂರು ಸಾಲು?"

ಓದಿದಳು. ಇನ್ನೊಮ್ಮೆ ಓದಿದಳು. ನಿಧಾನವಾಗಿ ತಿರುಗಿದಳು.

"ಈ ಹೆಂಗಸು ನಮ್ಮ ಅತ್ತೇನಾ? ಆ ಅಂಕಣ ಅಪ್ಪನದಲ್ವಾ?"

"ಅಪ್ಪನ ಪೇಪರ್ ಅಲ್ವೇನಮ್ಮ. ಎಲ್ಲಾ ಅಪ್ಪಂದೇ," ಎಂದ ಮಾಮ.

ಯಜಮಾನಿ ಚಿಕ್ಕಂದಿನಲ್ಲಿ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಮಾಮನ ಮನೆಯಲ್ಲೇ ಇರುತ್ತಿದ್ದವಳು. ಅವನ ಕೈ ಹಿಡಿದುಕೊಂಡಳು. "ಮಾಮ, ಇದನ್ನ ಹಾಕ್ತೀನಿ. ಮೂರು ಸಾಲಲ್ಲ, ನೀವು ಬರೆದಿದ್ದೆಲ್ಲ, ಪೂರ್ತಿ ಪುಟ. ನಿಜವಾದ ಕೊನೇ ಸಂಚಿಕೇಲಿ. ಈಗ ಹಾಕಿದ್ರೆ, ಚರಿತ್ರೆ ಬಂತು ಅಂದ್ರೆ ಪೇಪರ್ ಸತ್ತೇ ಹೋಯಿತು ಅಂದ್ಕೋತಾರೆ. ಮುಂದಿನ ವಾರ ಯಾರೂ ಬರಲ್ಲ. ಪ್ರೆಸ್ಸಿನವರು ಕಾಯ್ತಿದಾರೆ... ನೀವೇ ಹೇಳಿ, ಏನು ಮಾಡ್ಲಿ?"

ಮಾಮ ಪುಟದಕ್ಕನ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ.

"ಏನು ಹಾಕಬೇಕು ಹೇಳು, ಬರ್ಕೋತೀನಿ," ಎಂದ.

ಯಜಮಾನಿ ಓಡಾಡುತ್ತ ಹೇಳತೊಡಗಿದಳು. ಪ್ರಿಯ ಓದುಗರೇ, ನಿಮ್ಮ ಅಪಾರ ಪ್ರೀತಿ ವಿಶ್ವಾಸಗಳಿಗೆ ನಾವು ಎಂದೆಂದಿಗೂ ಚಿರಋಣಿಗಳಾಗಿದ್ದು, ನಿಮ್ಮ ಹೃತ್ಪೂರ್ವಕ ಒತ್ತಾಯಕ್ಕೆ ಮಣಿದು... ಹಾಳೆಯ ಎರಡೂ ಮಗ್ಗುಲು ತುಂಬಿತು. ಮಾಮ ಕೊನೆಯವರೆಗೆ ಬರೆದುಕೊಂಡು, ಪೆನ್ನು ತಿರುಗಿಸಿ ಹೊಡೆಯುತ್ತ ಬಂದ. ಪ್ರೀತಿ ಹೋಯಿತು, ವಿಶ್ವಾಸ ಹೋಯಿತು, ಹೃದಯವೂ ಹೋಯಿತು.

'ಓದುಗರ ಒತ್ತಾಯದ ಮೇರೆಗೆ ಮುಂದಿನ ವಾರವೂ ಕೊನೆಯ ಸಂಚಿಕೆ ಬರಲಿದೆ.
ಜಾಹೀರಾತುಗಳನ್ನು ಬೇಗ ತನ್ನಿ.
ಜಾಗ ಇದೆ.'

"ತೆಗೀಲಾ ಮಾಮ?" ಎಂದಳು ಪುಟದಕ್ಕ, ಕೇಳಿಸಿಯೂ ಕೇಳಿಸದ ಹಾಗೆ.

"ತೆಗಿ."

ಅವಳು ತೆಗೆದಳು. ಹೊಸ ಮೂರು ಸಾಲು ಆ ಜಾಗದಲ್ಲಿ ಹೇಳಿ ಮಾಡಿಸಿದ ಹಾಗೆ ಕೂತವು. ಒಂದಕ್ಷರ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ. "ನಿಮ್ಮ ಹಾಗೆ ಯಾರಿಗೂ ಬರಲ್ಲ ಮಾಮ," ಎಂದು ಯಜಮಾನಿ ಅವನ ಬೆನ್ನು ತಟ್ಟಿ, ಪುಟವನ್ನು ಪ್ರೆಸ್ಸಿಗೆ ಕಳಿಸಿದಳು.

ಮಾಮ ಮೆಟ್ಟಿಲಿಳಿಯುವಾಗ ಜನ ಇನ್ನೂ ನಿಂತು ಹರಟುತ್ತಿದ್ದರು. ಎಲ್ಲರ ಮುಖದಲ್ಲೂ ಗೆದ್ದವರ ಕಳೆ. ರೇಡಿಯೋ ತನ್ನ ಅಂಗಡಿಯ ಬಾಗಿಲಿಗೇ ಬಂದು ಅವನ ಭುಜಕ್ಕೆ ಕೈ ಹಾಕಿದ.

"ಅಂತೂ ಉಳೀತಲ್ಲ ಮಾಮ ನಮ್ಮ ಪೇಪರು! ಈ ಕೊನೇ ಸಂಚಿಕೆ ಇನ್ನೆಷ್ಟು ವಾರ ಓಡುತ್ತೆ ಅಂತೀರಿ?"

"ಓಡುತ್ತೆ ಬಿಡಪ್ಪ. ಜನರ ಮನೇಲಿ ಬೇಡದ್ದು ಇನ್ನೂ ಬೇಕಾದಷ್ಟಿದೆ," ಎಂದ ಮಾಮ.

ಹಾಗೆಂದು ಬೀದಿಗಿಳಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ, ಇಷ್ಟು ವರ್ಷ ಅನ್ನ ಹಾಕಿದ ಆ ಪತ್ರಿಕೆ ಬೇಗ ಮುಚ್ಚಿಹೋಗಲಿ ಎಂದು ತನ್ನ ಮನಸ್ಸು ಒಳಗೊಳಗೇ ಬೇಡಿಕೊಳ್ಳುತ್ತಿರುವುದು ಅವನಿಗೆ ತಿಳಿಯಿತು. ಯಾರಾದರೂ ಕೇಳಿಸಿಕೊಂಡರೋ ಎಂಬಂತೆ ಅತ್ತಿತ್ತ ನೋಡಿ, ತಲೆ ತಗ್ಗಿಸಿ, ಬೇಗ ಬೇಗ ಹೆಜ್ಜೆ ಹಾಕಿದ.